ಮಡಿಸಿದ ಗ್ರಾಫ್ ಹಾಳೆ, ರೆಫರೆನ್ಸ್ ಕೋನ: ನನ್ನ ಅನುಭವ

ವಿರಾಜಪೇಟೆಯ ನಮ್ಮ ಮನೆಯಲ್ಲಿ ಪ್ರಥಮ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕೋನದ ಬಾಹು ಎಕ್ಸ್ ಅಕ್ಷದೊಂದಿಗೆ ಮಾಡುವ ಲಘುಕೋನವೇ ರೆಫರೆನ್ಸ್ ಕೋನ. ಅದನ್ನು ಕಂಡುಹಿಡಿಯಲು, ಎರಡನೇ ಚತುರ್ಥಕವಾದರೆ (ಎರಡು ಅಕ್ಷಗಳು ಹಾಳೆಯನ್ನು ಮಾಡುವ ನಾಲ್ಕು ಭಾಗಗಳಲ್ಲಿ ಎರಡನೆಯದು) 180ರಿಂದ ಕೋನವನ್ನು ಕಳೆ, ಮೂರನೆಯದಾದರೆ ಕೋನದಿಂದ 180 ಕಳೆ, ನಾಲ್ಕನೆಯದಾದರೆ 360ರಿಂದ ಕೋನವನ್ನು ಕಳೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಏಕೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಸೂತ್ರಕ್ಕಿಂತ ಮೊದಲು ಕೈಗೆ ಕತ್ತರಿ ಕೊಡುತ್ತೇನೆ.

ಗ್ರಾಫ್ ಹಾಳೆಯ ಮೇಲೆ 5 ಸೆಂ.ಮೀ. ತ್ರಿಜ್ಯದ ವೃತ್ತ, ಆ 5 ಸೆಂ.ಮೀ.ಯೇ ನಮಗೆ ಒಂದು ಮಾನ. ಗೆರೆಯಿಂದ ಸ್ವಲ್ಪ ಹೊರಕ್ಕೆ ಕತ್ತರಿಸಿ, ಎರಡು ಅಕ್ಷಗಳ ಮೇಲೂ ಮಡಿಸಿ ಕಾಲು ವೃತ್ತ ಮಾಡಬೇಕು. ಕೋನಮಾಪಕದಿಂದ 30 ಡಿಗ್ರಿ ಗುರುತಿಸಿ, ವೃತ್ತದ ಗೆರೆಯ ಮೇಲೆಯೇ ಗುಂಡುಪಿನ್ ಚುಚ್ಚಬೇಕು. ಬಿಡಿಸಿದರೆ ನಾಲ್ಕು ತೂತು: 30, 150, 210, 330. ನಾಲ್ಕೂ ಎಕ್ಸ್ ಅಕ್ಷದಿಂದ 2.5 ಸೆಂ.ಮೀ., ವೈ ಅಕ್ಷದಿಂದ ಸುಮಾರು 4.3 ಸೆಂ.ಮೀ. ದೂರ. ಅಂದರೆ 5 ಸೆಂ.ಮೀ.ಯನ್ನು ಒಂದೆಂದು ಹಿಡಿದರೆ ಸೈನ್ (ಎಕ್ಸ್ ಅಕ್ಷದಿಂದ ದೂರ) ಅರ್ಧ, ಕಾಸ್ (ವೈ ಅಕ್ಷದಿಂದ ದೂರ) 0.866, ಬದಲಾಗುವುದು ಚಿಹ್ನೆ ಮಾತ್ರ. ಜುಲೈ ತಿಂಗಳ ನಮ್ಮ ಮಳೆಗೆ ಹಾಳೆ ಮೆತ್ತಗಾಗಿ ಮಡಿಕೆ ಓರೆಯಾಗುತ್ತದೆ, 150ರ ತೂತು 152ಕ್ಕೆ ಜಾರುತ್ತದೆ. ಅದಕ್ಕೇ ಗ್ರಾಫ್ ಪುಸ್ತಕಕ್ಕೆ ಅಡುಗೆಮನೆಯ ಒಲೆಯ ಪಕ್ಕದ ಕಪಾಟಿನಲ್ಲಿ ಜಾಗ ಕೊಟ್ಟಿದ್ದೇನೆ.

ಮಕ್ಕಳು ಎಡವುವುದು 120 ಡಿಗ್ರಿಯಲ್ಲಿ. ವೈ ಅಕ್ಷ ಹತ್ತಿರವಿದೆಯೆಂದು ರೆಫರೆನ್ಸ್ ಕೋನ 30 ಎಂದುಬಿಡುತ್ತಾರೆ. ನಾನು ವಾದಕ್ಕಿಳಿಯುವುದಿಲ್ಲ. 30ರಲ್ಲಿ ಚುಚ್ಚಿದ ಹಾಳೆಯಲ್ಲೇ 120ರ ತೂತು ಹುಡುಕಿ ಎನ್ನುತ್ತೇನೆ. ಸಿಗುವುದಿಲ್ಲ. 60ರಲ್ಲಿ ಚುಚ್ಚಿದರೆ ಮಾತ್ರ 120, 240, 300 ಒಟ್ಟಿಗೆ ಬರುತ್ತವೆ. ವೈ ಅಕ್ಷದಿಂದ ಅಳೆದ ಕೋನದಲ್ಲಿ ಸೈನ್ ಮತ್ತು ಕಾಸ್ ಪರಸ್ಪರ ಜಾಗ ಬದಲಿಸಿಕೊಳ್ಳುತ್ತವೆ. ಎಕ್ಸ್ ಅಕ್ಷವನ್ನೇ ಹಿಡಿಯುವುದು ಅದಕ್ಕಾಗಿ. ಇಷ್ಟು ಕಣ್ಣಿಗೆ ಬಿದ್ದ ಮೇಲೆ ಮೂರೂ ಸೂತ್ರಗಳನ್ನು ಅವರೇ ಬರೆಯುತ್ತಾರೆ.

ಚಿಹ್ನೆ ನೆನಪಿಡಲು ‘ಆಲ್ ಸಿಲ್ವರ್ ಟೀ ಕಪ್ಸ್’ ಎಂಬ ಹಳೆಯ ಸಾಲಿದೆ: ಒಂದನೇ ಚತುರ್ಥಕದಲ್ಲಿ ಎಲ್ಲವೂ ಧನ, ಎರಡರಲ್ಲಿ ಸೈನ್, ಮೂರರಲ್ಲಿ ಟ್ಯಾನ್, ನಾಲ್ಕರಲ್ಲಿ ಕಾಸ್ ಮಾತ್ರ ಧನ. “ಕಾಫಿ ತೋಟದವರಿಗೆ ಟೀ ಕಪ್ ಏಕೆ ಮೇಡಂ?” ಎಂದು ಒಬ್ಬಳು ತಕರಾರು ತೆಗೆದಿದ್ದಳು. ನನಗೂ ಆ ಸಾಲು ಅಷ್ಟೇನೂ ಇಷ್ಟವಿಲ್ಲ. ತೂತು ಎಡಕ್ಕಿದ್ದರೆ ಕಾಸ್ ಋಣ, ಕೆಳಗಿದ್ದರೆ ಸೈನ್ ಋಣ. ಟ್ಯಾನ್ ಅವೆರಡರ ಭಾಗಲಬ್ಧ.

ದೊಡ್ಡ ಕೋನಕ್ಕೆ ಹೆದರಬೇಕಿಲ್ಲ. 570ರಿಂದ ಒಂದು ಸುತ್ತು ಕಳೆದರೆ 210, ರೆಫರೆನ್ಸ್ ಕೋನ 30, ತೂತು ಎಡಕ್ಕೆ ಕೆಳಗೆ. ಸೈನ್ ಋಣ ಅರ್ಧ. 90 ಮತ್ತು 270 ಮಡಿಕೆಯ ಮೇಲೆಯೇ ಬೀಳುವುದರಿಂದ ಅಲ್ಲಿ ಚುಚ್ಚಿದರೆ ಎರಡೇ ತೂತು. ಅಲ್ಲಿ ಲಘುಕೋನ ಹುಡುಕುವ ಗೋಜು ಬೇಡ, ಬಿಂದುವಿನ ನಿರ್ದೇಶಾಂಕವನ್ನು ನೇರವಾಗಿ ಓದಿಕೊಂಡರೆ ಸಾಕು.