ಕುಡಿದು ಗುದ್ದಿದವನ ಕೇಸ್ ಏನಾಯ್ತು? ತಾಲ್ಲೂಕು ಕೋರ್ಟ್ ದಾಖಲೆ ಹುಡುಕೋದು ಹೀಗೆ

ಅತ್ತೆ ಮೊಬೈಲ್‌ನಲ್ಲಿ ಮೂರು ಸಲ ಮಾವನ ಹೆಸರು ಹಾಕಿ ಹುಡುಕಿದ್ದರು. ಮೂರು ಸಲವೂ ಏನೂ ಸಿಗಲಿಲ್ಲ. ಡೇರಿಗೆ ಹಾಲು ಹಾಕಿ ಸೈಕಲ್‌ನಲ್ಲಿ ಮನೆಗೆ ಬರುತ್ತಿದ್ದ ಮಾವ ಹಿಂದಿನಿಂದ ಕಾರು ಗುದ್ದಿ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಓಡಿಸಿದವನು ಕುಡಿದಿದ್ದ ಅಂತ ಊರಿಗೆಲ್ಲ ಗೊತ್ತು. ಕೇಸ್ ಏನಾಯ್ತು ಎಂದು ಕೇಳಿದರೆ ‘ಕೋರ್ಟ್‌ನಲ್ಲಿದೆ’ ಅನ್ನೋದೊಂದೇ ಉತ್ತರ. ‘ಮುಚ್ಚಿಹಾಕಿಬಿಟ್ಟಿದ್ದಾರೆ ಕಣೋ’ ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಯಾರೂ ಮುಚ್ಚಿಹಾಕಿರಲಿಲ್ಲ. ಕೇಸ್ ಅಲ್ಲೇ ಇತ್ತು. ಹುಡುಕಿದ ಹೆಸರು ಬೇರೆ ಆಗಿತ್ತು, ಅಷ್ಟೇ. ಕ್ರಿಮಿನಲ್ ಕೇಸ್ ನಡೆಯುವುದು ಸರ್ಕಾರಕ್ಕೂ ಆರೋಪಿಗೂ ನಡುವೆ. ಒಂದು ಕಡೆ ಪೊಲೀಸ್ ಠಾಣೆಯ ಹೆಸರು, ಇನ್ನೊಂದು ಕಡೆ ಡ್ರೈವರ್ ಹೆಸರು. ಸತ್ತವರ ಹೆಸರು, ಪೆಟ್ಟು ತಿಂದವರ ಹೆಸರು ಕೇಸಿನ ತಲೆಬರಹದಲ್ಲಿ ಬರುವುದೇ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಕೈಚೆಲ್ಲಿ ಕೂತಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಂಬರ್ ಹಿಡಿಯಿರಿ

ಹೆಸರಿಗಿಂತ ನಂಬರ್ ಮುಖ್ಯ. ಠಾಣೆಯಲ್ಲಿ ಎಫ್‌ಐಆರ್ ಆದಾಗ ಒಂದು ಕ್ರೈಂ ನಂಬರ್ ಬೀಳುತ್ತದೆ. ಉತ್ತರ ಕರ್ನಾಟಕದ ಕಡೆ ಇದನ್ನೇ ಗುನ್ನೆ ನಂಬರ್ ಅನ್ನುತ್ತಾರೆ. ನಂಬರ್, ಪಕ್ಕದಲ್ಲಿ ಇಸವಿ, ಜೊತೆಗೆ ಠಾಣೆಯ ಹೆಸರು. ಈ ಮೂರೂ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ದುಡ್ಡು ತೆಗೆದುಕೊಳ್ಳದೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪಘಾತದಲ್ಲಿ ನೊಂದವರೂ ಅದನ್ನು ಕೇಳಬಹುದು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸುವುದೂ ಈಗ ಪೊಲೀಸರ ಹೊಣೆ. ಅಲೆದಾಡಲು ಆಗದಿದ್ದರೆ ಕರ್ನಾಟಕ ಪೊಲೀಸ್ ವೆಬ್‌ಸೈಟ್‌ನಲ್ಲಿ ಎಫ್‌ಐಆರ್ ಹುಡುಕುವ ಸೌಲಭ್ಯ ಇದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಒಂದು ಎಚ್ಚರಿಕೆ. ಅಪಘಾತ ಆಗದೆ, ಬರೀ ಕುಡಿದು ಓಡಿಸುವಾಗ ಸಿಕ್ಕಿಬಿದ್ದ ಕೇಸಾದರೆ ಎಷ್ಟೋ ಸಲ ಎಫ್‌ಐಆರ್ ಇರುವುದಿಲ್ಲ. ಪೊಲೀಸರು ನೇರವಾಗಿ ಕೋರ್ಟ್‌ಗೆ ವರದಿ ಕೊಟ್ಟಿರುತ್ತಾರೆ. ಹೆಲ್ಮೆಟ್ ಕೇಸಿನ ಹಾಗೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಅಪರಾಧ ಇದಲ್ಲ. ಕೋರ್ಟ್‌ಗೆ ಹೋಗಲೇಬೇಕು. ಹಾಗಾಗಿ ಕ್ರೈಂ ನಂಬರ್ ಇಲ್ಲದಿದ್ದರೂ ಕೋರ್ಟ್‌ನಲ್ಲಿ ದಾಖಲೆ ಇರುತ್ತದೆ. ಅಂಥದ್ದನ್ನು ಆರೋಪಿಯ ಹೆಸರಿನಿಂದಲೇ ಹುಡುಕಬೇಕು.

ಯಾವ ಕೋರ್ಟ್?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಅಪಘಾತ ಎಲ್ಲಿ ಆಯಿತೋ ಆ ಜಾಗ ಯಾವ ಠಾಣೆಗೆ ಸೇರುತ್ತದೆ, ಆ ಠಾಣೆ ಯಾವ ಕೋರ್ಟ್‌ಗೆ ಸೇರುತ್ತದೆ, ಇಷ್ಟೇ ಲೆಕ್ಕ. ನಿಮ್ಮ ಮನೆ ಎಲ್ಲಿದೆ, ಡ್ರೈವರ್ ಎಲ್ಲಿಯವನು ಅನ್ನೋದು ಮುಖ್ಯ ಅಲ್ಲ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿ ಠಾಣೆ, ವೈ.ಎನ್. ಹೊಸಕೋಟೆ ಠಾಣೆ, ಇವುಗಳ ಕೇಸ್ ಹುಡುಕಲು ಪಾವಗಡ ಕೋರ್ಟ್‌ನಿಂದ ಶುರು ಮಾಡಬೇಕು. ಆದರೆ ಪಾವಗಡದ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಆಂಧ್ರದ ನೆಲ. ಒಂದೇ ರಸ್ತೆಯಲ್ಲಿ ಹೋಗುತ್ತಾ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಗಡಿಯ ಆಚೆ ಅಪಘಾತ ಆಗಿದ್ದರೆ ಪಾವಗಡದಲ್ಲಿ ಎಷ್ಟು ಹುಡುಕಿದರೂ ಸಿಗದು. ಆಗ ರಾಜ್ಯದ ಜಾಗದಲ್ಲಿ ಆಂಧ್ರಪ್ರದೇಶ ಎಂದೇ ಆರಿಸಬೇಕು. ಬೀದರ್, ರಾಯಚೂರು, ಬೆಳಗಾವಿಯ ಗಡಿ ಊರಿನವರಿಗೂ ಈ ಮಾತು ಅನ್ವಯಿಸುತ್ತದೆ.

ಮೊಬೈಲ್‌ನಲ್ಲಿ ಹುಡುಕುವುದು

‘ಇ-ಕೋರ್ಟ್ಸ್ ಸರ್ವೀಸಸ್’ ಎಂಬ ಸರ್ಕಾರಿ ವೆಬ್‌ಸೈಟ್ ಇದೆ, ಆ್ಯಪ್ ಕೂಡ ಇದೆ. ಶುಲ್ಕ ಇಲ್ಲ. ‘ಕೇಸ್ ಸ್ಟೇಟಸ್’ ಒತ್ತಿ, ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ. ಆಮೇಲೆ ಹುಡುಕಲು ಹಲವು ದಾರಿ ಕಾಣುತ್ತವೆ. ‘ಎಫ್‌ಐಆರ್ ನಂಬರ್’ ಎಂಬುದನ್ನು ಒತ್ತಿ. ಠಾಣೆ ಆರಿಸಿ, ಕ್ರೈಂ ನಂಬರ್ ಮತ್ತು ಇಸವಿ ಹಾಕಿ. ನಡೆಯುತ್ತಿರುವ ಕೇಸೋ, ಮುಗಿದ ಕೇಸೋ ಗೊತ್ತಿಲ್ಲದಿದ್ದರೆ ಎರಡೂ ಕಡೆ ನೋಡಿ. ಮುಗಿದುಹೋದ ಕೇಸನ್ನು ‘ಪೆಂಡಿಂಗ್’ ಪಟ್ಟಿಯಲ್ಲಿ ಹುಡುಕಿ ಸುಮ್ನೆ ಬೇಸರಪಟ್ಟುಕೊಳ್ಳುವವರೇ ಜಾಸ್ತಿ.

ಹೆಸರಿನಿಂದ ಹುಡುಕುವುದಾದರೆ ತಾಳ್ಮೆ ಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮಂಜುನಾಥ ಅನ್ನೋದಕ್ಕೆ ಕೊನೆಯಲ್ಲಿ ‘ಎ’ ಇರಬಹುದು, ಇಲ್ಲದೆಯೂ ಇರಬಹುದು. ತಿಪ್ಪೇಸ್ವಾಮಿಗೆ ‘ಟಿ’ ಆದಮೇಲೆ ‘ಎಚ್’ ಸೇರಿಸಿರಬಹುದು. ಅದಕ್ಕೇ ಪೂರ್ತಿ ಹೆಸರು ಹಾಕಬೇಡಿ. ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ. ಪಟ್ಟಿ ಉದ್ದ ಬಂದರೂ ಪರವಾಗಿಲ್ಲ. ಆದರೆ ಹೆಸರು ಒಂದೇ ಇದೆ ಎಂದು ‘ಇವನೇ ಅವನು’ ಎಂದು ತೀರ್ಮಾನಿಸಬೇಡಿ. ಒಂದೇ ತಾಲ್ಲೂಕಿನಲ್ಲಿ ಹತ್ತು ಮಂಜುನಾಥರು ಇರುತ್ತಾರೆ, ಅಲ್ವಾ? ಠಾಣೆ, ಕ್ರೈಂ ನಂಬರ್, ತಂದೆಯ ಹೆಸರು ತಾಳೆಯಾದರೆ ಮಾತ್ರ ನಂಬಿ. ತಪ್ಪು ಮನುಷ್ಯನಿಗೆ ಕುಡುಕನೆಂಬ ಹೆಸರು ಅಂಟಿಸುವುದು ದೊಡ್ಡ ಅನ್ಯಾಯ.

ಕೇಸ್ ಸಿಕ್ಕ ಮೇಲೆ ಮೊದಲು ಮಾಡಬೇಕಾದ್ದು ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳುವುದು. 16 ಅಂಕಿ-ಅಕ್ಷರಗಳ ನಂಬರ್ ಅದು. ಮುಂದೆ ಅದೊಂದನ್ನು ಹಾಕಿದರೆ ಸಾಕು, ಕೇಸ್ ನೇರವಾಗಿ ತೆರೆದುಕೊಳ್ಳುತ್ತದೆ. ಜೊತೆಗೆ ಸಿ.ಸಿ. ನಂಬರನ್ನೂ, ಅಂದರೆ ಆ ಕೋರ್ಟ್ ಕ್ರಿಮಿನಲ್ ಕೇಸಿಗೆ ಕೊಟ್ಟ ನಂಬರನ್ನೂ, ಬರೆದುಕೊಳ್ಳಿ. ಕೋರ್ಟ್ ಗುಮಾಸ್ತರು ಕೇಳುವುದು ಅದನ್ನೇ.

ಪರದೆಯ ಮೇಲೆ ಏನು ನೋಡಬೇಕು?

ಸೆಕ್ಷನ್‌ಗಳನ್ನು ನೋಡಿ. ಮೋಟಾರು ವಾಹನ ಕಾಯ್ದೆಯ 185 ಇದೆಯಾ? ಕುಡಿದು ಓಡಿಸಿದ್ದಕ್ಕೆ ಹಾಕುವ ಸೆಕ್ಷನ್ ಅದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಅಪರಾಧ. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

ಸಾವಾಗಿದ್ದರೆ 2024ರ ಜುಲೈಗಿಂತ ಮುಂಚಿನ ಅಪಘಾತಕ್ಕೆ ಹಳೆಯ ದಂಡ ಸಂಹಿತೆಯಾದ ಐಪಿಸಿಯ 279 (ಅಡ್ಡಾದಿಡ್ಡಿ ಓಡಿಸಿದ್ದು) ಮತ್ತು 304ಎ (ನಿರ್ಲಕ್ಷ್ಯದಿಂದ ಸಾವು) ಇರುತ್ತದೆ. ಆಮೇಲಿನದಕ್ಕೆ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ಕುಡಿದದ್ದು ಗಂಭೀರವಾಗಿದ್ದು ಐಪಿಸಿ 304 ಅಥವಾ ಹೊಸ ಸಂಹಿತೆಯ 105 (ಕೊಲೆಯಲ್ಲದ ನರಹತ್ಯೆ) ಹಾಕಿದ್ದರೆ ವಿಚಾರಣೆ ಸೆಷನ್ಸ್ ಕೋರ್ಟ್‌ಗೆ ಹೋಗುತ್ತದೆ. ಪಾವಗಡದ ಕೇಸಾದರೆ ಆಗ ಮಧುಗಿರಿಯಲ್ಲೋ ತುಮಕೂರಿನಲ್ಲೋ ನೋಡಬೇಕಾಗುತ್ತದೆ.

ನಮ್ಮ ಮಾವನ ಕೇಸಿನಲ್ಲಿ 281 ಇತ್ತು, 106 ಇತ್ತು. 185 ಇರಲಿಲ್ಲ. ಅತ್ತೆ ಪರದೆಯನ್ನೇ ನೋಡುತ್ತಾ ಕೂತರು. ವಕೀಲರ ಹತ್ತಿರ ಓಡಿದ್ದು ಆ ಒಂದು ಸಾಲು ನೋಡಿಯೇ.

ನಕಲು ಪಡೆಯುವುದು

ಮೊಬೈಲ್‌ನಲ್ಲಿ ಕಾಣುವುದು ಮಾಹಿತಿ ಮಾತ್ರ. ಇನ್ನೊಂದು ಕೋರ್ಟ್ ಮುಂದೆ ಇಡಲು ದೃಢೀಕೃತ ನಕಲು ಬೇಕು. ಅದಕ್ಕೆ ಕೋರ್ಟ್‌ನ ನಕಲು ಶಾಖೆಗೆ ಹೋಗಬೇಕು. ಅರ್ಜಿಯಲ್ಲಿ ಸಿ.ಸಿ. ನಂಬರ್, ಯಾವ ನ್ಯಾಯಾಲಯ, ಯಾವ ಯಾವ ಕಾಗದ ಬೇಕು ಎಂದು ಬರೆದು ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಕೊಡಿ. ‘ಎಲ್ಲ ಕಾಗದ’ ಎಂದು ಬರೆದರೆ ಅರ್ಜಿ ವಾಪಸ್ ಬರುವ ಸಾಧ್ಯತೆ ಇದೆ. ಒಂದೊಂದಾಗಿ ಬರೆಯಿರಿ: ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್, ವೈದ್ಯರ ಸರ್ಟಿಫಿಕೇಟ್, ರಕ್ತ ಪರೀಕ್ಷೆಯ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ತೀರ್ಪು.

ನೀವು ಕೇಸಿಗೆ ಸಂಬಂಧವೇ ಇಲ್ಲದವರಾದರೆ ಯಾಕೆ ಬೇಕು ಎಂದು ಅಫಿಡವಿಟ್ ಕೊಟ್ಟು ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ಮಾಹಿತಿ ಹಕ್ಕು ಅರ್ಜಿ ಹಾಕಿ ಕೋರ್ಟ್ ಕಡತದ ನಕಲು ಕೇಳಬೇಡಿ. ಕೋರ್ಟ್‌ನದೇ ನಿಯಮದ ಮೂಲಕ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ನೊಂದವರಿಗೆ ಇನ್ನೊಂದು ಅನುಕೂಲ ಇದೆ. ವಕೀಲರನ್ನು ಇಟ್ಟುಕೊಂಡಿದ್ದರೆ, ಆರೋಪಿ ಕೋರ್ಟ್‌ಗೆ ಬಂದ 14 ದಿನದೊಳಗೆ ಚಾರ್ಜ್‌ಶೀಟ್ ಪ್ರತಿಯನ್ನು ನಿಮಗೂ ಉಚಿತವಾಗಿ ಕೊಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲವಾ? ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಕಾಗದ ಕೈಗೆ ಬಂದಾಗ ವೇಳೆಗಳನ್ನು ನೋಡಿ. 185ರಲ್ಲಿ ಸ್ಥಳದಲ್ಲೇ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಪಘಾತ ಎಷ್ಟು ಹೊತ್ತಿಗೆ ಆಯಿತು, ರಕ್ತ ಎಷ್ಟು ಹೊತ್ತಿಗೆ ತೆಗೆದರು, ಇವೆರಡನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ವಕೀಲರಿಗೆ ತೋರಿಸಿ. ನಾವೂ ಹಾಗೇ ಮಾಡಿದೆವು.

ಪರಿಹಾರದ ಕೇಸ್ ಬೇರೆ

ಪರಿಹಾರಕ್ಕೆ ಹಾಕುವ ಎಂ.ವಿ.ಸಿ. ಕೇಸ್ ಬೇರೆಯೇ. ಅದರಲ್ಲಿ ನಿಮ್ಮ ಮನೆಯವರೇ ಅರ್ಜಿದಾರರು, ಆದ್ದರಿಂದ ಅಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಎದುರು ಕಡೆ ಗಾಡಿಯ ಮಾಲೀಕರು ಮತ್ತು ವಿಮೆ ಕಂಪನಿ ಇರುತ್ತಾರೆ. ಅರ್ಜಿಗೆ ಆರು ತಿಂಗಳ ಗಡುವು ಎಂದು 2022ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಕ್ರಿಮಿನಲ್ ಕೇಸ್ ಮುಗಿಯಲಿ ಎಂದು ಕಾಯುತ್ತಾ ಕೂರಬೇಡಿ. ಡ್ರೈವರ್ ಕುಡಿದಿದ್ದ ಎಂದು ವಿಮೆ ಕಂಪನಿ ತಕರಾರು ತೆಗೆದರೂ ಎದೆಗುಂದಬೇಡಿ. ಮೊದಲು ನೊಂದವರಿಗೆ ಹಣ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ ಎಂದು ಕೋರ್ಟ್‌ಗಳು ಎಷ್ಟೋ ಸಲ ಆದೇಶಿಸಿವೆ.

ಅತ್ತೆ ಈಗ ಸಿಎನ್‌ಆರ್ ನಂಬರನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಮುಂದಿನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ.