ಹೊಸ ಬ್ಯಾಟರಿ ತರುವ ಮುಂಚೆ ಮೀಟರ್ ಹಿಡಿದು ನೋಡಿದ್ದು

ನಮ್ಮ ಅಡಿಕೆ ತೋಟದ ಮಿನಿ ಟ್ರಾಕ್ಟರ್ ಹಳೇದು. ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಪಂಪು, ಬೇಸಿಗೆಯಲ್ಲಿ ಗೊಬ್ಬರದ ಟ್ರೈಲರ್, ಅದರ ಕೆಲಸ ಇಷ್ಟೇ. ಕಳೆದ ವರ್ಷ ಅದಕ್ಕೊಂದು ರಗಳೆ ಅಂಟಿಕೊಂಡಿತು. ಮನೆಯ ಚಾರ್ಜರ್ ಹಾಕಿದರೆ ಸೆಲ್ಫ್ ಗಟ್ಟಿಯಾಗಿ ತಿರುಗುತ್ತಿತ್ತು. ನಾಲ್ಕಾರು ಸಲ ಸ್ಟಾರ್ಟ್ ಮಾಡುವಷ್ಟರಲ್ಲಿ ಬರೀ ಟಕ್ ಟಕ್.

ಪೇಟೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಬ್ಯಾಟರಿ ಹೋಗಿದೆ, ಹೊಸದು ಹಾಕಿ. ಇರಬಹುದು. ಆದರೆ ಸಾವಿರಾರು ರೂಪಾಯಿ ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡೋಕೆ ಏನು ಕಷ್ಟ, ಅಲ್ವಾ?

ಚಾರ್ಜ್ ಮಾಡಿ, ರಾತ್ರಿಯಿಡೀ ಸುಮ್ನೆ ಬಿಟ್ಟು, ಬೆಳಿಗ್ಗೆ ನೋಡಿದೆ. 12.6 ವೋಲ್ಟ್. ಸೆಲ್ಫ್ ಹೊಡೆಯುವಾಗಲೂ 10ರ ಕೆಳಗೆ ಇಳಿಯಲಿಲ್ಲ. ಆರೂ ಸೆಲ್‌ಗಳ ಗ್ರಾವಿಟಿ, ಅಂದರೆ ಒಳಗಿನ ಆ್ಯಸಿಡ್ಡಿನ ಸಾಂದ್ರತೆ, ಹೆಚ್ಚುಕಮ್ಮಿ ಒಂದೇ ಇತ್ತು. ಒಂದು ಸೆಲ್ ಮಾತ್ರ ತೀರಾ ಕಡಿಮೆ ತೋರಿಸಿದ್ದರೆ ಬ್ಯಾಟರಿ ಅಂಗಡಿಗೇ ಹೋಗುತ್ತಿದ್ದೆ. ಕೀ ಆಫ್ ಇದ್ದಾಗ ಕರೆಂಟ್ ಸೋರುತ್ತಿದೆಯಾ ಅಂತಲೂ ನೋಡಿದೆ. ಅದೂ ಇಲ್ಲ.

ಹಾಗಾದರೆ ಬ್ಯಾಟರಿಗೆ ಚಾರ್ಜೇ ಹೋಗುತ್ತಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.5 ಇರಬೇಕು. ಹೆಡ್‌ಲೈಟ್ ಹಾಕಿ, ರೇಸ್ ಕೊಟ್ಟು ನೋಡಿದರೆ 12.4. ಬ್ಯಾಟರಿ ತುಂಬಿಸುವ ಆಲ್ಟರ್ನೇಟರನ್ನು ಇಂಜಿನ್ನಿನಿಂದ ತಿರುಗಿಸುವ ಬೆಲ್ಟ್ ಬಿಗಿಯಾಗಿತ್ತು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜ್ ದೀಪ ಕೀ ಹಾಕಿದಾಗ ಹತ್ತುತ್ತಿತ್ತು, ಸ್ಟಾರ್ಟ್ ಆದಮೇಲೆ ಆರುತ್ತಿತ್ತು. ಮೆಕ್ಯಾನಿಕ್‌ಗಳು ಇಲ್ಲೇ ದಾರಿ ತಪ್ಪುವುದು. ದೀಪ ಆರಿತು ಅಂದರೆ ಅದರ ಎರಡೂ ಕಡೆ ವೋಲ್ಟೇಜ್ ಸರಿಸಮ ಆಯಿತು ಅಂತ ಮಾತ್ರ. ಬ್ಯಾಟರಿ ತುಂಬುತ್ತಿದೆ ಅಂತ ಅಲ್ಲ.

ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡೋಣ ಅಂದವರೂ ಇದ್ದರು. ಹಳೇ ಡೈನಮೊ ಕಾಲದ ಅಭ್ಯಾಸ ಅದು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಅದರೊಳಗಿನ ಡಯೋಡ್ ಸುಡಬಹುದು. ನಾನು ಕೈ ಹಾಕಲು ಬಿಡಲಿಲ್ಲ.

ಬದಲಿಗೆ, ಓಡುವ ಇಂಜಿನ್‌ನಲ್ಲೇ ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕಿದೆ. ಮೀಟರಿನ ಒಂದು ತುದಿ ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. 0.1 ವೋಲ್ಟ್. ಅಂದರೆ ಆ ದಾರಿ ಚೊಕ್ಕ. ಆಮೇಲೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್‌ಗೂ ಹಿಡಿದೆ. 1.7! ಬ್ಯಾಟರಿ ಮೇಲಿನ 12.4ಕ್ಕೆ ಈ 0.1, 1.7 ಎರಡನ್ನೂ ಕೂಡಿಸಿ ನೋಡಿ, 14.2 ಆಗುತ್ತದೆ. ಆಲ್ಟರ್ನೇಟರ್ ಪಾಪ, ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಅರ್ತ್, ಅಂದರೆ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಬರುವ ದಾರಿ, ಸರಿಯಾಗಿ ಕೂರುತ್ತಿರಲಿಲ್ಲ ಅಷ್ಟೇ.

ಇಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್‌ಗೂ ನಡುವೆ ವ್ಯತ್ಯಾಸವೇ ಇರಲಿಲ್ಲ. ಸೆಲ್ಫ್ ಗಟ್ಟಿಯಾಗಿ ತಿರುಗುತ್ತಿದ್ದುದೂ ಅದಕ್ಕೇ. ತೊಂದರೆ ಇದ್ದದ್ದು ಆಲ್ಟರ್ನೇಟರ್ ಕೂರುವ ಬ್ರಾಕೆಟ್‌ನಲ್ಲಿ. ಹಿಂದೊಮ್ಮೆ ರಿಪೇರಿಗೆ ಕೊಟ್ಟಾಗ ಅದಕ್ಕೆ ದಪ್ಪಗೆ ಪೇಂಟ್ ಬಳಿದಿದ್ದರು. ಪೇಂಟ್ ಎದ್ದ ಕಡೆಯೆಲ್ಲ ಹುಡಿಹುಡಿ ತುಕ್ಕು. ಮೈಲುತುತ್ತದ ನೀರು ಕಬ್ಬಿಣಕ್ಕೆ ಬಿದ್ದರೆ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾ?

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ರಾಕೆಟ್, ಬೋಲ್ಟ್, ಬ್ಲಾಕ್ ಮೂರನ್ನೂ ಬಿಳಿ ಲೋಹ ಕಾಣುವವರೆಗೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ಅಷ್ಟರಲ್ಲೇ ಸಮಾಧಾನ ಆಗದೆ ಆಲ್ಟರ್ನೇಟರಿನ ಮೈಯಿಂದ ಬ್ಲಾಕಿಗೆ ಬೇರೆಯೇ ಒಂದು ದಪ್ಪ ವೈರ್ ಎಳೆದೆ. ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ ನೋಡಿದರೆ ಬ್ಯಾಟರಿ ಮೇಲೆ 14.1.

ಈಗ ಬೋರ್ಡೋ ಕೆಲಸ ಮುಗಿದ ತಕ್ಷಣ ಆ ಜಾಗಕ್ಕೆ ನೀರು ಹಾಕಿ ತೊಳೆದು, ಒಣಗಿದ ಮೇಲೆ ಬೋಲ್ಟಿಗೆ ವ್ಯಾಸಲೀನ್ ಸವರುತ್ತೇನೆ. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಮೈನಸ್ ವೈರ್ ಬಿಚ್ಚಿಡುತ್ತೇನೆ.