350 ರೂಪಾಯಿ ಕುತ್ತಿಗೆ ಪಟ್ಟಿಯಿಂದ ನನ್ ರಾತ್ರಿ ಆಕ್ಸಿಜನ್ 93ರ ಮೇಲೆ ನಿಂತಿದ್ದು

ನಂಗೆ ಸ್ಲೀಪ್ ಅಪ್ನಿಯಾ, ಅಂದ್ರೆ ನಿದ್ದೇಲಿ ಆಗಾಗ ಉಸಿರು ನಿಲ್ಲೋ ತೊಂದ್ರೆ. ಸ್ಲೀಪ್ ಸ್ಟಡಿಲಿ ನನ್ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಇಲ್ಲಾ ತೀರಾ ಕಮ್ಮಿಯಾಗುತ್ತೆ ಅನ್ನೋ ಲೆಕ್ಕ) 41 ಬಂದಿತ್ತು, ಆಕ್ಸಿಜನ್ ಶೇಕಡ 71ಕ್ಕೆ ಇಳಿದಿತ್ತು. "ರೀ, ನಿಮ್ಗೆ ಉಸಿರು ವಾಪಸ್ ಬರೋವರ್ಗೂ ನಾನು ಎಣಿಸ್ತಾ ಕೂತಿರ್ತೀನಿ" ಅಂತ ಮನೆಯವಳು ಅದಕ್ಕೂ ಎರಡು ವರ್ಷ ಮುಂಚೆನೇ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಆಟೋ ಸಿಪ್ಯಾಪ್‌ಗೆ (ಮಾಸ್ಕಲ್ಲಿ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡ್ಕೊಳ್ಳೋ, ಪ್ರೆಶರ್ ತಾನೇ ಏರಿಸಿ ಇಳಿಸೋ ಮಿಷಿನ್) 48 ಸಾವಿರ ಚಿಲ್ಲರೆ ಆಯ್ತು. ಮಾರಿದವ್ನು 4ರಿಂದ 20ರ ಪ್ರೆಶರ್ ಬಿಟ್ಟು, ಮಿಷಿನ್ನೇ ನೋಡ್ಕೊಳ್ಳುತ್ತೆ ಸರ್ ಅಂದ. ಎಲ್ಲಿ ನೋಡ್ಕೊಳ್ತು? 4ರಲ್ಲಿ ನಂಗೆ ಉಸಿರು ಕಟ್ಟಿದ ಹಾಗಾಗೋದು, ಮಧ್ಯರಾತ್ರಿ ಒಂದೇ ಸಲ 15 ದಾಟಿ ಮಾಸ್ಕ್ ಬುಸ್ ಅಂತ ಲೀಕ್ ಆಗೋದು, ಬೆಳಿಗ್ಗೆ ಹೊಟ್ಟೆ ತುಂಬ ಗಾಳಿ. ಮಾಸ್ಕಿಂದೇ ತಪ್ಪು ಅಂತ ಮೂರು ಮಾಸ್ಕ್ ಬದಲಾಯಿಸ್ದೆ, ಅದ್ರಲ್ಲೇ 17 ಸಾವಿರ ಹೋಯ್ತು. ಬಾಯಿಗೆ ಟೇಪ್ ಹಚ್ಚಿ ತುಟಿ ಪಕ್ಕ ಚರ್ಮ ಕಿತ್ಕೊಂಡ್ ಬಂತು. ಮೂಗಿನ ಮೇಲೆ ಗಾಯ ಆಗ್ದೆ ಇರ್ಲಿ ಅಂತ ಕೊಬ್ಬರಿ ಎಣ್ಣೆ ಸವರಿದ್ದೂ ಆಯ್ತು, ಮಾಸ್ಕಿನ ಸಿಲಿಕೋನ್ ಜಾರಿ ಜಾರಿ ಇನ್ನೂ ಕಷ್ಟ, ಅದನ್ನ ಮಾತ್ರ ಯಾರೂ ಮಾಡ್ಬೇಡಿ.

ಕೊನೆಗೆ ಮಿಷಿನ್ನಿನ ಎಸ್‌ಡಿ ಕಾರ್ಡ್ ತೆಗ್ದು, ಸಿಪ್ಯಾಪ್ ದಾಖಲೆನ ಗ್ರಾಫ್ ಮಾಡಿ ತೋರಿಸೋ ಆಸ್ಕರ್ ಸಾಫ್ಟ್‌ವೇರ್‌ಲಿ ಹಾಕಿ ನೋಡ್ದೆ, ಜೊತೆಗೆ ರೆಕಾರ್ಡ್ ಮಾಡೋ ಆಕ್ಸಿಮೀಟರ್ ಕಟ್ಕೊಂಡು ಮಲಗ್ದೆ. ಮೊದಲ ವಾರ ಆಕ್ಸಿಮೀಟರ್ ಕೂಡ ದಾರಿ ತಪ್ಪಿಸ್ತು. ಕೈ ದಿಂಬಿನ ಕೆಳಗೆ ಸಿಕ್ಕಿಹಾಕ್ಕೊಂಡಾಗ್ಲೂ 80 ತೋರಿಸ್ತಿತ್ತು. ನಿಜವಾದ ಇಳಿತ ಆದ್ರೆ ಫ್ಲೋ (ಉಸಿರಿನ ಗಾಳಿ) ನಿಂತು ಅರ್ಧ ನಿಮಿಷದ ಆಸುಪಾಸಲ್ಲಿ ಗ್ರಾಫಲ್ಲಿ ಬರುತ್ತೆ, ಎರಡೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ.

ಡಾಕ್ಟರ್‌ಗೆ ಗ್ರಾಫ್ ತೋರಿಸಿ ಕನಿಷ್ಠ ಪ್ರೆಶರ್ 8.5, ಗರಿಷ್ಠ 13 ಮಾಡಿಸ್ಕೊಂಡೆ. ಅಲ್ಲಿವರ್ಗೂ ಮಿಷಿನ್ ಹಾಕ್ಕೊಂಡೂ 11 ಇದ್ದ ಎಎಚ್‌ಐ 6ಕ್ಕೆ ಬಂತು. ಆದ್ರೂ ಬೆಳಗಿನ ಜಾವ 3ರ ಸುಮಾರಿಗೆ ಇಪ್ಪತ್ತು ನಿಮಿಷ ಒಂದರ ಹಿಂದೆ ಒಂದು ಗುಂಪಾಗಿ ಅಪ್ನಿಯಾ ಬಂದು ಆಕ್ಸಿಜನ್ 84ಕ್ಕೆ ಇಳಿತಿತ್ತು. ಪ್ರೆಶರ್ ಎಷ್ಟು ಏರಿದ್ರೂ ಅದು ಬಿಡ್ಲಿಲ್ಲ. ಮೊಬೈಲ್ ವಿಡಿಯೋ ಇಟ್ಟು ನೋಡಿದ್ರೆ ಗಲ್ಲ ಎದೆಗೆ ಒತ್ಕೊಂಡಿತ್ತು! ಪೈಪ್ ಮಡಚಿದ್ರೆ ನೀರು ಹೋಗುತ್ತಾ?

ಮೆಡಿಕಲ್ ಶಾಪಿಂದ ಮೆತ್ತನೆ ಸ್ಪಾಂಜಿನ ಕುತ್ತಿಗೆ ಪಟ್ಟಿ ತಂದೆ, 350 ರೂಪಾಯಿ, ದಿಂಬನ್ನೂ ತೆಳ್ಳಗಿಂದು ಮಾಡ್ದೆ. ಮಿಷಿನ್ ಮಾರಿದವ್ನು, ಇದೆಲ್ಲ ಕೆಲ್ಸ ಮಾಡಲ್ಲ ಸರ್ ಅಂದಿದ್ದ, ನನ್ ಭಾವನೂ ಅದನ್ನೇ ಹೇಳಿದ್ರು. ಮೊದಲ ರಾತ್ರಿನೇ ಎಎಚ್‌ಐ 1.8, ಆಕ್ಸಿಜನ್ 93ಕ್ಕಿಂತ ಕೆಳಗೆ ಬರ್ಲಿಲ್ಲ. ಐದು ತಿಂಗಳಾಯ್ತು, ಎಎಚ್‌ಐ 2 ದಾಟಿದ ರಾತ್ರಿ ಬೆರಳಲ್ಲಿ ಎಣಿಸ್ಬಹುದು. ಭಾವನಿಗೆ ಗ್ರಾಫ್ ಕಳ್ಸಿದೀನಿ.

ಪಟ್ಟಿ ಬಿಗಿ ಮಾಡ್ಬೇಡಿ, ಎರಡು ಬೆರಳು ಸಲೀಸಾಗಿ ಹೋಗ್ಬೇಕು. ಕರೆಂಟ್ ಹೋದಾಗ ಮಿಷಿನ್ನಿನ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸೋದು) ಆಫ್ ಮಾಡಿದ್ರೆ ನಮ್ ಹಳೇ ಇನ್ವರ್ಟರ್‌ಲೇ ಇಡೀ ರಾತ್ರಿ ಓಡುತ್ತೆ, ಗಂಟಲು ಸ್ವಲ್ಪ ಒಣಗುತ್ತೆ ಅಷ್ಟೆ.